ಹಿಂಡಿಗೆ ಗೊರಸು ಕೊಳೆ ಬಂದಾಗ

ಕುರಿ ಕುಂಟಿದರೆ ಮೊದಲು ಬರುವ ಮಾತು ಒಂದೇ. "ಮುಳ್ಳು ಚುಚ್ಚಿರಬೇಕು ಬಿಡು." ಒಂದು ಕುರಿ ಕುಂಟಿದರೆ ಅದು ನಿಜವೂ ಇರಬಹುದು. ಆದರೆ ಮಳೆ ಹಿಡಿದು ನೆಲವೆಲ್ಲ ಕೆಸರಾದ ಮೇಲೆ ಹಿಂಡಿನಲ್ಲಿ ಅಲ್ಲೊಂದು ಇಲ್ಲೊಂದು ತಲೆ ಕುಕ್ಕುತ್ತಾ ನಡೆಯತೊಡಗಿದರೆ? ಎಲ್ಲಕ್ಕೂ ಒಂದೇ ವಾರ ಮುಳ್ಳು ಚುಚ್ಚುತ್ತಾ?

ನಮ್ಮ ಹಿಂಡಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮಂಡಿಯೂರಿ ಮೇಯುತ್ತಿದ್ದ ಒಂದು ಹೆಣ್ಣು ಕುರಿ. ಮುಂಗಾಲು ಮಡಿಸಿ, ಮಂಡಿ ನೆಲಕ್ಕಿಟ್ಟು, ಹಾಗೇ ತೆವಳಿಕೊಂಡು ಹುಲ್ಲು ಕಚ್ಚುತ್ತಿತ್ತು. ಕಾಲಿಟ್ಟರೆ ನೋವು, ಮೇಯದಿದ್ದರೆ ಹಸಿವು. ಅದರ ಹಿಂದೆ ಇನ್ನೂ ಕೆಲವು ಒಂದು ಕಾಲನ್ನು ಆಗಾಗ ಎತ್ತಿ ನಿಲ್ಲುತ್ತಿದ್ದವು. ಅವನ್ನು ಸುಮ್ಮನೆ ನೋಡಿದರೆ ಕುಂಟುವುದು ಗೊತ್ತೇ ಆಗುತ್ತಿರಲಿಲ್ಲ. ನಡೆಸಿ ನೋಡಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಊರುವಾಗ ತಲೆ ಇಳಿಯುತ್ತದೆ. ಇದು ಒಮ್ಮೆ ಕಣ್ಣಿಗೆ ರೂಢಿಯಾದರೆ ದೊಡ್ಡಿಯ ಬಾಗಿಲಲ್ಲಿ ನಿಂತೇ ಹಿಡಿದುಬಿಡಬಹುದು.

ಆ ಕುರಿಯನ್ನು ಹಿಡಿದು, ಹಿಂಭಾಗದ ಮೇಲೆ ಕೂರಿಸಿ, ಬೆನ್ನನ್ನು ನನ್ನ ಮೊಣಕಾಲಿಗೆ ಒರಗಿಸಿಕೊಂಡೆ. ಹೀಗೆ ಕೂರಿಸಿದರೆ ಕುರಿ ಒದ್ದಾಡುವುದು ಕಡಿಮೆ, ನಾಲ್ಕೂ ಕಾಲು ಕೈಗೆ ಸಿಗುತ್ತವೆ. ತುಂಬು ಗಬ್ಬದ ಕುರಿಯನ್ನು ಮಾತ್ರ ಹೀಗೆ ಮಗುಚಬಾರದು. ಅದನ್ನು ನಿಂತಲ್ಲೇ ಒಂದೊಂದು ಕಾಲು ಎತ್ತಿ ನೋಡಬೇಕು.

ಕೆಸರು ತೊಳೆದು ಎರಡು ಗೊರಸಿನ ಸಂದನ್ನು ಬೆರಳಿಂದ ಅಗಲಿಸಿದೆ. ಅಲ್ಲಿ ಇರಬೇಕಾದ್ದು ಒಣಗಿದ, ತಿಳಿ ಬಣ್ಣದ ಚರ್ಮ. ಇದ್ದದ್ದು ಕೆಂಪಾಗಿ ಊದಿಕೊಂಡ ಚರ್ಮ, ಉದುರಿದ ಕೂದಲು, ಅದರ ಮೇಲೆ ಬೂದು ಬಣ್ಣದ ಲೋಳೆ. ಹಿಮ್ಮಡಿಯ ಹತ್ತಿರ ಗೊರಸಿನ ಗಟ್ಟಿ ಭಾಗ ಒಳಗಿನ ಮಾಂಸದಿಂದ ಬಿಟ್ಟುಕೊಂಡಿತ್ತು. ಉಗುರಿಂದ ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಕಪ್ಪಗಿನ ಕೊಳೆ. ಆಮೇಲೆ ಬಂತು ನೋಡಿ ವಾಸನೆ! ಸತ್ತ ಪ್ರಾಣಿಯ ನಾತವೂ ಅಲ್ಲ, ಸಗಣಿಯ ನಾತವೂ ಅಲ್ಲ. ಆವತ್ತು ಎಷ್ಟು ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ಬೆರಳಲ್ಲಿ ಅದೇ ಇತ್ತು.

ಈ ವಾಸನೆಯೇ ಮುಖ್ಯ ಗುರುತು ಅಂತ ಡಾಕ್ಟರ್ ಬಂದಾಗ ಹೇಳಿದರು. ಅವರು ಮೊದಲು ನೋಡಿದ್ದು ಮಾತ್ರ ಕಾಲನ್ನಲ್ಲ, ಬಾಯನ್ನು. ತುಟಿ ಎತ್ತಿ, ಒಸಡು, ನಾಲಿಗೆ ನೋಡಿದರು, ಜ್ವರ ನೋಡಿದರು. ಗೊರಸು ಮತ್ತು ಚರ್ಮ ಸೇರುವ ಅಂಚಿನಲ್ಲಿ ಗುಳ್ಳೆ ಇದೆಯಾ ಅಂತ ಬೆರಳಾಡಿಸಿದರು. "ಒಂದೆರಡು ದಿನದಲ್ಲೇ ಹಿಂಡಿನ ತುಂಬಾ ಕುಂಟು ಶುರುವಾಗಿ, ಜ್ವರ ಇದ್ದು, ಬಾಯಲ್ಲೂ ಹುಣ್ಣಿದ್ದರೆ ಅದು ಕಾಲುಬಾಯಿ ಜ್ವರ. ಆಗ ಒಂದು ಕುರಿಯನ್ನೂ ಆಚೆ ಬಿಡದೆ ಮೊದಲು ನಮಗೆ ಹೇಳಬೇಕಮ್ಮ. ಮುಖ ಊದಿ, ಮೂಗು ಸೋರಿ, ಗೊರಸಿನ ಮೇಲಂಚು ಕೆಂಪಾಗಿದ್ದರೆ ನೀಲಿ ನಾಲಿಗೆ ರೋಗ ಇರಬಹುದು. ಇದು ಅವೆರಡೂ ಅಲ್ಲ. ಗೊರಸು ಕೊಳೆ" ಅಂದರು. ಕೊಳೆರೋಗ ಅಂತ ನಾವೇ ತೀರ್ಮಾನ ಮಾಡಿ ಮದ್ದು ಶುರು ಮಾಡುವ ಮುಂಚೆ ಈ ಒಂದು ಪರೀಕ್ಷೆ ಆಗಲೇಬೇಕು. ಕುಂಟುವುದು ಎಲ್ಲದರಲ್ಲೂ ಒಂದೇ, ಮುಂದೆ ಮಾಡಬೇಕಾದ ಕೆಲಸ ಬೇರೆ ಬೇರೆ.

ರೋಗ ಹೇಗೆ ಬರುತ್ತದೆ ಅಂತ ಅವರು ಹೇಳಿದ್ದು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಇದು ಒಂದೇ ಕ್ರಿಮಿಯ ಕೆಲಸ ಅಲ್ಲ. ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಅನ್ನುವ ಬ್ಯಾಕ್ಟೀರಿಯಾ ಹಿಕ್ಕೆಯಲ್ಲಿ, ಕೆಸರಿನಲ್ಲಿ ಎಲ್ಲ ಕಡೆ ಇರುತ್ತದೆ. ಕಾಲು ದಿನಗಟ್ಟಲೆ ಒದ್ದೆಯಾಗಿದ್ದು ಸಂದಿನ ಚರ್ಮ ಮೆತ್ತಗಾದಾಗ ಅದು ಹತ್ತಿಕೊಳ್ಳುತ್ತದೆ. ಅಷ್ಟಕ್ಕೇ ನಿಂತರೆ ಅದು ಬರೀ ಸಂದು ಹುಣ್ಣು. ಕೆಂಪು, ಲೋಳೆ, ನೋವು ಇರುತ್ತದೆ, ಆದರೆ ನಾತ ಇರುವುದಿಲ್ಲ, ಗೊರಸು ಬಿಡುವುದಿಲ್ಲ. ಡೈಕಿಲೋಬ್ಯಾಕ್ಟರ್ ನೊಡೋಸಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಜೊತೆಗೂಡಿದಾಗ ನಿಜವಾದ ಗೊರಸು ಕೊಳೆ ಶುರು. ಅದು ಗೊರಸನ್ನು ಮಾಂಸದಿಂದ ಬಿಡಿಸುತ್ತಾ ಹಿಮ್ಮಡಿಯಿಂದ ಅಡಿಗೆ, ಅಡಿಯಿಂದ ಪಕ್ಕಕ್ಕೆ ಹರಡುತ್ತದೆ. ಇದು ಅಂಟುರೋಗ, ಈ ಎರಡನೆಯ ಕ್ರಿಮಿ ಇಲ್ಲದೆ ಬರುವುದಿಲ್ಲ ಅಂತ ಆಸ್ಟ್ರೇಲಿಯಾದ ವಿಜ್ಞಾನಿ ಬೆವರಿಜ್ 1941ರಲ್ಲೇ ತೋರಿಸಿದ್ದರಂತೆ.

ಈ ಎರಡನೆಯ ಕ್ರಿಮಿ ಮಣ್ಣಿನಲ್ಲಿ ಬಹಳ ಕಾಲ ಬದುಕುವುದಿಲ್ಲ. ಒದ್ದೆ ನೆಲದಲ್ಲಿ ಒಂದೆರಡು ವಾರ, ಒಣ ನೆಲದಲ್ಲಿ ಅದಕ್ಕಿಂತ ಕಡಿಮೆ. ಅದರ ನಿಜವಾದ ಮನೆ ಕುರಿಯ ಕಾಲು. ಅಂದರೆ ರೋಗ ಹಿಡಿದಿಟ್ಟುಕೊಂಡಿರುವುದು ನೆಲವಲ್ಲ, ಕುಂಟುವ ಕುರಿಗಳೇ. ನಾವು ಆಮೇಲೆ ಮಾಡಿದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಜಗಳ ಶುರುವಾದದ್ದು ಗೊರಸು ಕೆತ್ತುವ ವಿಷಯಕ್ಕೆ. ನಮ್ಮ ಮಾವನವರು ಅಷ್ಟು ಹೊತ್ತಿಗಾಗಲೇ ಚಾಕು ಮಸೆದು ತಂದಿದ್ದರು. ಅವರ ಲೆಕ್ಕ ಏನೂ ತಪ್ಪಿರಲಿಲ್ಲ. ಈ ಕ್ರಿಮಿಗೆ ಗಾಳಿ ಆಗುವುದಿಲ್ಲ, ಬಿಟ್ಟುಕೊಂಡ ಗೊರಸನ್ನು ಕೆತ್ತಿ ತೆಗೆದರೆ ಗಾಳಿ ಆಡುತ್ತದೆ, ಮದ್ದು ಒಳಗಿಳಿಯುತ್ತದೆ. ತಲೆಮಾರುಗಳಿಂದ ಎಲ್ಲರೂ ಮಾಡಿದ್ದು ಅದನ್ನೇ. ಡಾಕ್ಟರ್ ನಗುತ್ತಾ ಚಾಕು ತಮ್ಮ ಕೈಗೆ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಯಜಮಾನ್ರೇ, ಉಗುರುಸುತ್ತು ಆದ ಬೆರಳನ್ನ ಕತ್ತರಿ ಹಾಕಿ ಕೆತ್ತುತ್ತೀರಾ? ಇದೂ ಹಂಗೇ. ಇಂಜೆಕ್ಷನ್ ರಕ್ತದ ಮೂಲಕ ಒಳಗಿಂದ ಹೋಗ್ತದೆ. ಗಾಳಿ ಬೇಕಾಗಿಲ್ಲ."

ಮಾವನವರಿಗೆ ಸಮಾಧಾನ ಆಗಲಿಲ್ಲ. ಡಾಕ್ಟರ್ ಬಿಡಿಸಿ ಹೇಳಿದರು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ಗೊರಸು ಕೆತ್ತದೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ನೂ ಸ್ಪ್ರೇಯೂ ಕೊಟ್ಟ ಕುರಿಗಳು, ಕೆತ್ತಿಸಿಕೊಂಡ ಕುರಿಗಳಿಗಿಂತ ಬೇಗ ವಾಸಿಯಾದವು. ಕೆತ್ತಿದಾಗ ಒಳಗಿನ ಜೀವ ಇರುವ ಭಾಗಕ್ಕೆ ಗಾಯ ಆಗುತ್ತದೆ, ರಕ್ತ ಬರುತ್ತದೆ. ಆಮೇಲೆ ಅಲ್ಲೇ ಕೆಂಪಗೆ ಮಾಂಸದ ಗಂಟು ಬೆಳೆದು ಕುರಿ ಜೀವನಪೂರ್ತಿ ಕುಂಟಬಹುದು. ಸಾಲದ್ದಕ್ಕೆ ಅದೇ ಚಾಕು ಮುಂದಿನ ಕುರಿಯ ಕಾಲಿಗೂ ರೋಗ ಹೊತ್ತುಕೊಂಡು ಹೋಗುತ್ತದೆ. ಕೆತ್ತಿ ಬಿಸಾಕಿದ ಗೊರಸಿನ ಚೂರಿನಲ್ಲೂ ಕ್ರಿಮಿ ಇರುತ್ತದೆ. "ಗೊರಸು ಬೆಳೆದಿದ್ದಕ್ಕೆ ಕುಂಟ್ತಿಲ್ಲ, ಕುಂಟ್ತಿರೋದಕ್ಕೆ ಗೊರಸು ಬೆಳೆದಿದೆ" ಅಂದರು. ಆ ಕಾಲು ಊರದೇ ಇದ್ದರೆ ಗೊರಸು ಸವೆಯುವುದಾದರೂ ಹೇಗೆ? ವಾಸಿಯಾಗಿ ನಡೆದಾಡಲು ಶುರು ಮಾಡಿದರೆ ಅದರ ಪಾಡಿಗೆ ಅದು ಸವೆದು ಸರಿಯಾಗುತ್ತದೆ. ಆಮೇಲೂ ಸೊಟ್ಟಗೆ ಉಳಿದಿದ್ದರೆ ತುದಿ ಮಾತ್ರ ಕತ್ತರಿಸಿ, ರಕ್ತ ಬರುವಷ್ಟು ಒಳಗೆ ಎಂದೂ ಹೋಗಬೇಡಿ ಅಂದರು.

ಚಿಕಿತ್ಸೆ ಇಷ್ಟೇ. ಕುಂಟುವ ಪ್ರತಿ ಕುರಿಗೂ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್, ಕುತ್ತಿಗೆಯ ಮಾಂಸಖಂಡಕ್ಕೆ. ಡಾಕ್ಟರ್ ಬರೆದುಕೊಟ್ಟ ಪ್ರಮಾಣ ಕೆಜಿಗೆ 20 ಮಿಲಿಗ್ರಾಂ. ನಮಗೆ ಸಿಕ್ಕ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 200 ಮಿಲಿಗ್ರಾಂ ಇತ್ತು, ಅಂದರೆ 10 ಕೆಜಿ ತೂಕಕ್ಕೆ 1 ಮಿಲಿಲೀಟರ್. ಕಣ್ಣಂದಾಜಿನಲ್ಲಿ ತೂಕ ಹಾಕಿದರೆ ಬಹುಪಾಲು ಜನ ಕಡಿಮೆಯೇ ಹೇಳುತ್ತಾರೆ, ಮದ್ದೂ ಕಡಿಮೆ ಬೀಳುತ್ತದೆ. ತಕ್ಕಡಿಯಲ್ಲಿ ನಿಲ್ಲಿಸಿ ನೋಡುವುದೇ ಸರಿ. ಬಾಟಲಿ ಬೇರೆಯಾದರೆ ಲೆಕ್ಕವೂ ಬೇರೆ, ಹಾಗಾಗಿ ಈ ಅಂಕಿ ನೋಡಿಕೊಂಡು ಯಾರೂ ಸಿರಿಂಜ್ ಹಿಡಿಯಬೇಡಿ. ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ. ಇಂಜೆಕ್ಷನ್ ಜೊತೆಗೆ ಸಂದನ್ನು ಒರೆಸಿ ಒಣಗಿಸಿ ಆ್ಯಂಟಿಬಯಾಟಿಕ್ ಸ್ಪ್ರೇ. ಸ್ಪ್ರೇ ಹೊಡೆದ ತಕ್ಷಣ ಕೆಸರಿಗೆ ಬಿಟ್ಟರೆ ಹೊಡೆದದ್ದೆಲ್ಲ ತೊಳೆದುಹೋಗುತ್ತದೆ. ಒಣ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ ಬಿಡಬೇಕು.

ಇಂಜೆಕ್ಷನ್ ಕೊಟ್ಟ ಕುರಿಯ ಹಾಲು, ಮಾಂಸ ಇಂತಿಷ್ಟು ದಿನ ಬಳಸಬಾರದು ಅಂತ ಬಾಟಲಿಯ ಮೇಲೇ ಬರೆದಿರುತ್ತದೆ. ಯಾವತ್ತು ಯಾವ ಕುರಿಗೆ ಕೊಟ್ಟೆವು ಅಂತ ಬರೆದಿಡದಿದ್ದರೆ ಇದನ್ನು ನೆನಪಿಡಲು ಆಗುವುದೇ ಇಲ್ಲ. ನಾನು ಒಂದು ನೋಟ್‌ಬುಕ್ ಇಟ್ಟೆ. ಕಿವಿಯ ಓಲೆ ನಂಬರು, ಯಾವ ಕಾಲು, ತಾರೀಕು, ಮದ್ದು. ಬೆನ್ನ ಮೇಲೆ ಬಣ್ಣದ ಗುರುತನ್ನೂ ಹಾಕಿದೆ. ಬರೆಯುವುದು ಮೊದಲು ಬೇಜಾರೇ. ಮುಂದೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ ಪುಸ್ತಕ. ಯಾಕೆ ಅಂತ ಹೇಳುತ್ತೇನೆ.

ಮದ್ದು ಕೊಟ್ಟ ಕುರಿಗಳನ್ನು ಬೇರೆ ಕೊಟ್ಟಿಗೆಗೆ ಹಾಕಿದೆವು. ಎರಡು ಮೂರು ದಿನದಲ್ಲೇ ಹಲವು ಕಾಲೂರತೊಡಗಿದವು. ಮಂಡಿಯೂರಿ ಮೇಯುತ್ತಿದ್ದ ಕುರಿಗೆ ಜಾಸ್ತಿ ದಿನ ಹಿಡಿಯಿತು, ಅದರ ಗೊರಸು ಅಷ್ಟು ಬಿಟ್ಟಿತ್ತು. ಮೊದಲು ನಾತ ಹೋಯಿತು, ಆಮೇಲೆ ಸಂದು ಒಣಗಿತು, ಹಿಮ್ಮಡಿಯಿಂದ ಹೊಸ ಗೊರಸು ತೆಳ್ಳಗೆ ಇಳಿದು ಬಂತು. ಮಾವನವರು ದಿನಾ ಬೆಳಿಗ್ಗೆ ಹೋಗಿ ಅದರ ಕಾಲೆತ್ತಿ ನೋಡಿ ಬರುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಹೇಗಿದೆ ಮಾವ ಅಂತ ಕೇಳಿದರೆ "ಹ್ಞೂಂ" ಅಷ್ಟೇ.

ಒಂದು ಟಗರಿಗೆ ಮಾತ್ರ ಇಂಜೆಕ್ಷನ್ ಕೊಟ್ಟರೂ ನೋವು ಇಳಿಯಲಿಲ್ಲ. ಅದರದು ಕೊಳೆ ಆಗಿರಲೇ ಇಲ್ಲ. ಒಂದೇ ಗೊರಸು ಮುಟ್ಟಿದರೆ ಬಿಸಿ, ಒತ್ತಿದರೆ ಕಾಲು ಕಿತ್ತುಕೊಳ್ಳುತ್ತಿತ್ತು, ಸಂದು ಚೆನ್ನಾಗಿಯೇ ಇತ್ತು. ಒಳಗೆ ಕೀವು ಕಟ್ಟಿತ್ತು. ಡಾಕ್ಟರೇ ಬಂದು ಅಡಿಯಲ್ಲಿ ಸಣ್ಣ ದಾರಿ ಮಾಡಿದ ಕೂಡಲೇ ಕೀವು ಚಿಮ್ಮಿತು, ಟಗರು ಅವತ್ತೇ ಕಾಲೂರಿತು. ಚಾಕು ಬೇಕಾಗುವುದು ಇಂಥ ಕಡೆ.

ಹಾಲು ಕುಡಿಯುವ ಮರಿಗಳಲ್ಲಿ ಇದ್ದದ್ದು ಬರೀ ಸಂದು ಹುಣ್ಣು. ಅವಕ್ಕೆ ಸ್ಪ್ರೇ ಸಾಕಾಯಿತು.

ನೊಣದ ಬಗ್ಗೆ ಒಂದು ಮಾತು. ಕೊಳೆತ ಗೊರಸಿಗೆ ನೊಣ ಮುತ್ತುತ್ತವೆ, ಹುಳು ಬೀಳುತ್ತವೆ. ಕುರಿ ಮಲಗಿದಾಗ ಆ ಕಾಲು ಎದೆಗೆ, ಪಕ್ಕೆಗೆ ತಾಗಿರುತ್ತದೆ. ಅಲ್ಲಿಯ ಉಣ್ಣೆಯೂ ಒದ್ದೆಯಾಗಿ ಅಲ್ಲೂ ಹುಳು. ಹೀಗಾಗಿ ಕಾಲು ನೋಡುವಾಗ ಎದೆಯ ಉಣ್ಣೆಯನ್ನೂ ಬಿಡಿಸಿ ನೋಡಬೇಕು. ಒಂದು ಕುರಿಗೆ ಅಲ್ಲಿ ಶುರುವಾಗಿದ್ದದ್ದು ಹಾಗೆ ನೋಡಿದ್ದಕ್ಕೇ ಸಿಕ್ಕಿತು.

ಕುಂಟುವ ಕುರಿಗೆ ಮದ್ದಾಯಿತು. ಉಳಿದ ಹಿಂಡಿಗೆ ಕಾಲು ತೊಟ್ಟಿ, ಅಂದರೆ ಕುರಿಗಳು ಮದ್ದಿನ ನೀರಲ್ಲಿ ಗೊರಸು ಅದ್ದಿಕೊಂಡು ನಿಲ್ಲುವ ತೊಟ್ಟಿ ಮಾಡಿದೆವು. ಅದಕ್ಕೆ ಏನು ಹಾಕಬೇಕು ಅನ್ನುವುದರಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಳೆಯ ಮದ್ದು, ಕೆಲಸವೂ ಮಾಡುತ್ತದೆ. ಆದರೆ ಕುರಿಗೆ ತಾಮ್ರ ವಿಷ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯುವುದಿಲ್ಲ, ತೊಟ್ಟಿಯ ನೀರು ಕುಡಿದರೆ ಜೀವಕ್ಕೇ ಅಪಾಯ. ಉಣ್ಣೆಗೆ ಕಲೆಯೂ ಆಗುತ್ತದೆ. ಫಾರ್ಮಲಿನ್ ಹಾಕುವವರಿದ್ದಾರೆ. ಅದು 100ಕ್ಕೆ 3 ಪಾಲು ದಾಟಬಾರದು. ಜಾಸ್ತಿ ಹಾಕಿದರೆ ಬೇಗ ವಾಸಿಯಾಗುತ್ತದೆ ಅನ್ನುವುದು ಸುಳ್ಳು, ಸಂದಿನ ಚರ್ಮ ಸುಡುತ್ತದೆ, ಅಷ್ಟೇ. ತೆರೆದ ಗಾಯಕ್ಕೆ ಅದು ಉರಿಯೋ ಉರಿ. ಒಮ್ಮೆ ಉರಿಸಿಕೊಂಡ ಕುರಿ ಮುಂದಿನ ಸಲ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ. ಅದರ ಹೊಗೆ ಮನುಷ್ಯರ ಕಣ್ಣು, ಉಸಿರಿಗೂ ಒಳ್ಳೆಯದಲ್ಲ.

ನಾವು ಆರಿಸಿಕೊಂಡದ್ದು ಜಿಂಕ್ ಸಲ್ಫೇಟ್. 100 ಲೀಟರ್ ನೀರಿಗೆ 10 ಕೆಜಿ. ತಣ್ಣೀರಲ್ಲಿ ಪುಡಿ ಅಡಿಗೆ ಕೂತುಬಿಡುತ್ತದೆ. ಸ್ವಲ್ಪ ಬಿಸಿನೀರಲ್ಲಿ ಕದಡಿ ಆಮೇಲೆ ಉಳಿದ ನೀರು ಸೇರಿಸಿದರೆ ಚೆನ್ನಾಗಿ ಕರಗುತ್ತದೆ. ಗೊರಸು ಪೂರ್ತಿ ಮುಳುಗುವಷ್ಟು ಆಳ ಇರಬೇಕು. ಜೊತೆಗೆ, ಕುರಿಗಳಿಗೆ ಮೊದಲೇ ಹೊಟ್ಟೆ ತುಂಬಾ ನೀರು ಕುಡಿಸಿರಬೇಕು. ಬಾಯಾರಿದ ಕುರಿ ತೊಟ್ಟಿಯ ನೀರಿಗೇ ಬಾಯಿ ಹಾಕುತ್ತದೆ, ಜಿಂಕ್ ಕೂಡ ಕುಡಿಯುವ ವಸ್ತುವಲ್ಲ.

ತೊಟ್ಟಿ ಕಟ್ಟುವುದು ಸುಲಭ, ಅದನ್ನು ಸರಿಯಾಗಿ ಬಳಸುವುದೇ ಕಷ್ಟ. ಕೆಸರು ಮೆತ್ತಿದ ಕಾಲಿನ ಕುರಿಯನ್ನು ನೇರ ಇಳಿಸಿದರೆ ಮದ್ದು ಕೆಸರಿಗೆ ತಾಗುತ್ತದೆ, ಚರ್ಮಕ್ಕಲ್ಲ. ನಾವು ಮುಂದೊಂದು ಬರೀ ನೀರಿನ ತೊಟ್ಟಿ ಇಟ್ಟೆವು. ಮೊದಲು ಅದರಲ್ಲಿ ಕಾಲು ತೊಳೆದು ಬರಬೇಕು, ನೀರು ಇಳಿಯಲು ತುಸು ನಿಲ್ಲಬೇಕು, ಆಮೇಲೆ ಮದ್ದಿನ ತೊಟ್ಟಿ. ಜಿಂಕ್ ಸಲ್ಫೇಟಿನಲ್ಲಿ ಓಡಿಸಿಕೊಂಡು ಹೋದರೆ ಸಾಲದು, 15 ನಿಮಿಷವಾದರೂ ನಿಲ್ಲಿಸಿ ಅಂತ ಡಾಕ್ಟರ್ ಹೇಳಿದ್ದರು. ಒಂದು ಗುಂಪು ನಿಲ್ಲಿಸಿ ಬಾಗಿಲು ಹಾಕುವುದು, ಇನ್ನೊಂದು ಗುಂಪು ಕಾಯುವುದು. ನಮ್ಮ ಯಜಮಾನರು ಫೋನಿನಲ್ಲಿ ಹೊತ್ತು ನೋಡುತ್ತಾ ನಿಂತರೆ, ಮರಿಗಳು ತಾಯಿಯನ್ನು ಕಾಣದೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ಚೆನ್ನಾಗಿರುವ ಕುರಿಗಳು ಮೊದಲು, ಕುಂಟಿ ವಾಸಿಯಾದವು ಕೊನೆಗೆ. ನೀರು ಹಿಕ್ಕೆ ತುಂಬಿ ಕದಡಿದ ಮೇಲೆ ಮದ್ದಿಗೆ ಬಲ ಇರುವುದಿಲ್ಲ, ಚೆಲ್ಲಿ ಹೊಸದು ಕಲಸಬೇಕು. ಚೆಲ್ಲುವುದೂ ಹಳ್ಳಕ್ಕೋ ಬಾವಿಯ ಕಡೆಗೋ ಅಲ್ಲ.

ತೊಟ್ಟಿಯಿಂದ ಹೊರಬಂದ ಮೇಲಿನ ಹೊತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಟ್ಟಿ ಒಣ ನೆಲದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ನಿಲ್ಲಬೇಕು. ಮದ್ದು ಚರ್ಮದಲ್ಲಿ ಹಿಡಿಯುವುದು ಆಗ. ಆಮೇಲೆ ಅವನ್ನು ಅದೇ ಹಳೆಯ ಜಾಗಕ್ಕೆ ಬಿಡಬಾರದು. ಕನಿಷ್ಠ ಎರಡು ವಾರ ಕುರಿ ಕಾಲಿಡದ ಹುಲ್ಲುಗಾವಲಿಗೆ ಬಿಡಬೇಕು. ಅಷ್ಟು ದಿನ ಖಾಲಿ ಬಿದ್ದ ನೆಲದಲ್ಲಿ ಕ್ರಿಮಿ ಉಳಿದಿರುವುದಿಲ್ಲ. ನಾವು ಒಂದು ತುಂಡು ಜಾಗಕ್ಕೆ ಮೊದಲೇ ಬೇಲಿ ಹಾಕಿ ಇಟ್ಟಿದ್ದೆವು. ಜಾಗ ಕಡಿಮೆ ಇರುವವರಿಗೆ ಇದು ಕಷ್ಟ, ಒಪ್ಪುತ್ತೇನೆ. ಆದರೆ ಇದಿಲ್ಲದೆ ಬರೀ ತೊಟ್ಟಿಯನ್ನು ನಂಬಿದರೆ ದುಡ್ಡು ನೀರಿಗೆ ಹೋದ ಹಾಗೇ.

ದೊಡ್ಡಿಯಲ್ಲಿ ಎಲ್ಲಿ ಕೆಸರು ಅಂತ ನೋಡಿದರೆ ಎಲ್ಲ ಕಡೆ ಇರಲಿಲ್ಲ. ನೀರಿನ ತೊಟ್ಟಿಯ ಸುತ್ತ, ಬಾಗಿಲ ಬಳಿ, ಮೇವು ಹಾಕುವ ಕಡೆ. ಅಂದರೆ ಎಲ್ಲ ಕುರಿಗಳೂ ದಿನಾ ಒತ್ತಿಕೊಂಡು ನಿಲ್ಲುವ ಜಾಗಗಳೇ. ಒಂದರ ಕಾಲಿನ ಕೊಳೆ ಇನ್ನೊಂದಕ್ಕೆ ದಾಟುವುದೂ ಅಲ್ಲೇ. ಅಲ್ಲೆಲ್ಲ ಜಲ್ಲಿ ಹಾಕಿ ಎತ್ತರ ಮಾಡಿದೆವು, ನೀರಿನ ತೊಟ್ಟಿ ಸೋರುವುದನ್ನು ನಿಲ್ಲಿಸಿದೆವು, ಮೇವಿನ ಜಾಗವನ್ನು ಆಗಾಗ ಬದಲಿಸಿದೆವು. ಹಿಕ್ಕೆ ಗುಡಿಸಿ ಒಣಗಿದ ನೆಲಕ್ಕೆ ಅರಳಿದ ಸುಣ್ಣ ಚೆಲ್ಲುತ್ತೇವೆ. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣ ಮಾತ್ರ ಬೇಡ, ಕಾಲು ಸುಡುತ್ತದೆ.

ಆ ನೋಟ್‌ಬುಕ್ ಬಗ್ಗೆ ಹೇಳುತ್ತೇನೆ ಅಂದಿದ್ದೆನಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪುಟ ತಿರುವಿ ನೋಡಿದರೆ ಕೆಲವೇ ನಂಬರುಗಳು ಮತ್ತೆ ಮತ್ತೆ ಬಂದಿದ್ದವು. ಮದ್ದು ಕೊಟ್ಟರೆ ಇಳಿಯುತ್ತದೆ, ಮಳೆ ಬಂದರೆ ಮತ್ತೆ ಕುಂಟು. ಈ ರೋಗ ಒಮ್ಮೆ ಬಂದು ಹೋದರೆ ಮುಂದೆ ಬಾರದಂತೆ ಮೈಯಲ್ಲಿ ಶಕ್ತಿ ಬೆಳೆಯುವುದಿಲ್ಲ. ಕೆಲವು ಕುರಿಗಳಂತೂ ಗೊರಸಿನ ಮಡಿಕೆಯಲ್ಲಿ ಕ್ರಿಮಿಯನ್ನು ಇಟ್ಟುಕೊಂಡೇ ಓಡಾಡುತ್ತವೆ, ಉಳಿದವಕ್ಕೆ ಹಂಚುತ್ತವೆ. ಅಂಥವನ್ನು ಹಿಂಡಿನಿಂದ ತೆಗೆಯಬೇಕು. ತೆಗೆಯುವುದು ಅಂದರೆ ಇನ್ನೊಬ್ಬರ ಹಿಂಡಿಗೆ ಮಾರುವುದಲ್ಲ, ಮದ್ದಿನ ಅವಧಿ ಮುಗಿದ ಮೇಲೆ ಮಾಂಸಕ್ಕೆ ಕಳಿಸುವುದು. ಅದರಲ್ಲಿ ಒಂದು, ಪ್ರತಿ ವರ್ಷವೂ ಅವಳಿ ಹಾಕುವ ಕುರಿ. ನನಗೆ ಮನಸ್ಸಿರಲಿಲ್ಲ. "ಕಳಿಸು, ಅದರ ಮರಿಗಳೂ ಕುಂಟ್ತಾ ಇವೆ" ಅಂದದ್ದು ಮಾವನವರೇ. ಪುಸ್ತಕ ನೋಡಿದರೆ ಅವರು ಹೇಳಿದ್ದು ನಿಜ.

ಲಸಿಕೆ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಈ ಕ್ರಿಮಿಯಲ್ಲಿ ಹಲವು ಬಗೆ ಇರುವುದರಿಂದ 10 ಬಗೆಗಳನ್ನು ಸೇರಿಸಿ ಮಾಡಿದ ಲಸಿಕೆಯನ್ನು ಬ್ರಿಟನ್ನಿನಂಥ ದೇಶಗಳಲ್ಲಿ ಬಳಸುತ್ತಾರೆ. ಅದರ ಬಲ ಕೆಲವು ತಿಂಗಳಷ್ಟೇ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಹೊತ್ತು ನೋಡಿ ಹಾಕಬೇಕು. ಲಸಿಕೆ ಹಾಕಿದರೂ ಕುಂಟುವ ಕುರಿಗೆ ಮದ್ದು ಕೊಡುವುದು ತಪ್ಪುವುದಿಲ್ಲ.

ಈಗ ಯಾವುದೇ ಕುರಿ ಕುಂಟಿದ್ದು ಕಂಡರೆ ಅವತ್ತೇ ಅಥವಾ ಮಾರನೆಯ ದಿನ ಹಿಡಿದು ನೋಡುತ್ತೇವೆ. ಇನ್ನಷ್ಟು ಕುಂಟಲಿ, ಎಲ್ಲಕ್ಕೂ ಒಟ್ಟಿಗೆ ಕೊಡೋಣ ಅಂತ ಕಾಯುವುದಿಲ್ಲ. ಮೂರು ದಿನದೊಳಗೆ ಮದ್ದು ಬಿದ್ದರೆ ಅದು ಇನ್ನೊಂದಕ್ಕೆ ಅಂಟಿಸುವುದು ಬಹಳ ಕಡಿಮೆಯಾಗುತ್ತದೆ. ಒಂದು ಕುರಿ ಹಿಡಿಯಲು ಇಡೀ ಹಿಂಡನ್ನು ದೊಡ್ಡಿಗೆ ತುಂಬುವ ಕಷ್ಟ ತಪ್ಪಲಿ ಅಂತ ಮೇಯುವ ಜಾಗದಲ್ಲೇ ಮಡಚುವ ತಡಿಕೆಗಳನ್ನು ಇಟ್ಟಿದ್ದೇವೆ.

ಹೊಸ ಕುರಿ ತರುವಾಗ ದುಡ್ಡಿನ ಮಾತಿಗೆ ಮುಂಚೆ ನಾಲ್ಕೂ ಕಾಲೆತ್ತಿ ಸಂದು ಬಿಡಿಸಿ ನೋಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಇತ್ತೀಚೆಗೆ ತಂದ ಬಿತ್ತನೆ ಟಗರಿನ ಕಾಲು ನೋಡಲು ಚೆನ್ನಾಗಿಯೇ ಇತ್ತು. ಆದರೂ ನಾಲ್ಕು ವಾರ ಬೇರೆ ಜಾಗದಲ್ಲಿ, ಬೇರೆ ನೀರಿನ ಬಕೆಟ್ಟಿನಲ್ಲಿ ಇಟ್ಟೆವು. ಬಂದ ದಿನ ಒಮ್ಮೆ, ನಡುವೆ ಒಮ್ಮೆ ಮದ್ದಿನ ತೊಟ್ಟಿಯಲ್ಲಿ ನಿಲ್ಲಿಸಿದೆವು. ಎರಡನೆಯ ವಾರದಲ್ಲಿ ಹಿಂಗಾಲಿನ ಸಂದು ಕೆಂಪಾಗಿ ತುಸು ಲೋಳೆ ಕಂಡಿತು, ಸ್ಪ್ರೇಗೆ ಹೋಯಿತು. ನಾಲ್ಕು ವಾರ ಕಳೆದು, ಇನ್ನೊಮ್ಮೆ ನಾಲ್ಕೂ ಗೊರಸು ನೋಡಿದ ಮೇಲೇ ಅದನ್ನು ಹಿಂಡಿಗೆ ಬಿಟ್ಟದ್ದು.